ಗಾಳಿಯಂತ್ರ ನಿಂತ ಮಡ್ಡಿಗೆ ಹುಲ್ಲು ತರುವ ಕೆಲಸ

ನಮ್ಮ ಮಡ್ಡಿಯಲ್ಲಿ, ಅಂದರೆ ಗುಡ್ಡದ ಬುಡದ ಹುಲ್ಲು ನೆಲದಲ್ಲಿ, ಗಾಳಿಯಂತ್ರ ನಿಂತಿದೆ ಎಂದು ತಿಳಿದವರು ಮೊದಲು ಕೇಳುವುದು ಬಾಡಿಗೆ ಎಷ್ಟು ಬರುತ್ತದೆ ಎಂದು. ಈಚೆಗೆ ಮುಂಡರಗಿ, ಶಿರಹಟ್ಟಿ ಕಡೆಯ ಕೆಲವರು ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಕ್ರೇನ್ ನಿಲ್ಲಿಸಲು ಅಗೆದು, ಗರಸು (ಜಲ್ಲಿಯಂಥ ಒರಟು ಮಣ್ಣು) ಸುರಿದು, ರೋಲರ್ ಹೊಡೆದ ಜಾಗದಲ್ಲಿ ಮತ್ತೆ ಹುಲ್ಲು ಬರುತ್ತದೆಯೇ? ಬರುತ್ತದೆ. ನಮ್ಮಲ್ಲಿ ಬರುತ್ತಿದೆ. ಆದರೆ ತಾನಾಗಿ ಬರಲಿಲ್ಲ, ಕೊಟ್ಟ ಸಸಿಗಳನ್ನು ನೆಟ್ಟದ್ದರಿಂದಲೂ ಬರಲಿಲ್ಲ. ಹೇಗೆ ಬಂತು ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು ಎನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಕುರಿಗಳಿಗೆ ಲಸಿಕೆ ಹಾಕುತ್ತಾ, ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಾ ಸುತ್ತಲಿನ ಮಡ್ಡಿಗಳನ್ನೆಲ್ಲ ಕಂಡಿದ್ದೇನೆ. ನಮ್ಮ ಜಮೀನು ಕಪ್ಪತಗುಡ್ಡದ ಬುಡದಲ್ಲಿ, ಡಂಬಳ–ಡೋಣಿಯ ಭಾಗದಲ್ಲಿದೆ. ಕೆಳಗೆ ಕಡಲೆ, ಜೋಳ ಬೆಳೆಯುವ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ. ಅದರ ಮೇಲೆ ಒಂದಿಷ್ಟು ಮಸಾರಿ, ಕೆಂಪು ಮಣ್ಣು. ಎಲ್ಲಕ್ಕಿಂತ ಮೇಲೆ, ಗುಡ್ಡ ಏರತೊಡಗುವಲ್ಲಿ, ಮಡ್ಡಿ. ಅಲ್ಲಿ ಮಣ್ಣು ಒಂದು ಗೇಣು ಇದ್ದರೆ ಹೆಚ್ಚು; ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ. ಮಡ್ಡಿಯ ಹೊಣೆ ನನ್ನದು ಮತ್ತು ವೈನಿಯದು, ಅಂದರೆ ಅಣ್ಣನ ಹೆಂಡತಿಯದು.

ಆ ಮಡ್ಡಿಯನ್ನು ಯಾರೂ ಬಿತ್ತಿದ್ದಲ್ಲ. ಮಳೆಗಾಲದಲ್ಲಿ ಕುರಿಗಳು ಅಲ್ಲಿ ಮೇಯುತ್ತಿದ್ದವು. ದೀಪಾವಳಿ ದಾಟಿದ ಮೇಲೆ ಒಣಗಿದ ಹುಲ್ಲನ್ನು, ಅಂದರೆ ಕರಡವನ್ನು, ಕೊಯ್ದು ಬಣವಿ ಒಟ್ಟುತ್ತಿದ್ದೆವು. ಬರಗಾಲದ ವರ್ಷ ಎರೆಯಲ್ಲಿ ಜೋಳದ ಕಣಿಕೆ ಇಲ್ಲದಾಗಲೂ ಎತ್ತುಗಳಿಗೆ ಮಡ್ಡಿಯ ಕರಡ ಇರುತ್ತಿತ್ತು. ದಖ್ಖನ್ ಪ್ರದೇಶದ ಇಂಥ ನೆಲವನ್ನು ಹುಲ್ಲಿನ ವಿಜ್ಞಾನಿಗಳು ಸೆಹಿಮಾ–ಡೈಕ್ಯಾಂಥಿಯಂ ಬಗೆಯ ಹುಲ್ಲುಗಾವಲು ಎಂದು ಗುರುತಿಸುತ್ತಾರೆ. ಗರಸಿನ ಏರಿನಲ್ಲಿ ಸೆಹಿಮಾ, ತಗ್ಗಿನ ಎರೆ ಮಣ್ಣಿನಲ್ಲಿ ಡೈಕ್ಯಾಂಥಿಯಂ. ಇವುಗಳ ನಡುವೆ ಊಬಿನ ಹುಲ್ಲು, ಉಜ್ಜಿದರೆ ನಿಂಬೆಯ ವಾಸನೆ ಬರುವ ಎತ್ತರದ ಹುಲ್ಲು, ಕೊಗ್ಗಿ, ವಿಷ್ಣುಕ್ರಾಂತಿ, ಅಲ್ಲಲ್ಲಿ ಬಂದರಿಕೆ, ಕವಳಿ, ಹೊನ್ನಾವರಿಕೆಯ ಪೊದೆಗಳು. ಮರವೆಂದರೆ ಎಲ್ಲೋ ಒಂದು ತುಗ್ಗಲಿ. ಲಾವಕ್ಕಿಗಳು ಮೊಟ್ಟೆಯಿಡುವುದು ಹುಲ್ಲಿನ ಬುಡದಲ್ಲಿ. ತೋಳಗಳು ಹಗಲು ಮಲಗುವುದೂ ಅಲ್ಲೇ. ಇಷ್ಟೆಲ್ಲ ಇರುವ ನೆಲಕ್ಕೆ ಪಹಣಿಯಲ್ಲಿ ಬರೆದಿರುವುದು ‘ಖರಾಬು’ ಎಂದು. ಗಾಳಿಯಂತ್ರದ ಜಾಗ ಹುಡುಕಿಕೊಂಡು ಬಂದವರಿಗೂ ಅದು ಖಾಲಿ ಜಾಗವಾಗಿಯೇ ಕಂಡಿತು.

ಗಾಳಿಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಲ್ಲಿದ್ದಲು ಸುಡದೆ ಕರೆಂಟು ಬರುವುದು ಒಳ್ಳೆಯದೇ. ಆಷಾಢದಲ್ಲಿ ಕಪ್ಪತಗುಡ್ಡದ ಮೇಲೆ ಬೀಸುವ ಗಾಳಿಯನ್ನು ಬಲ್ಲವರಿಗೆ ಆ ಯಂತ್ರಗಳು ಇಲ್ಲಿಗೇ ಏಕೆ ಬಂದವು ಎಂದು ವಿವರಿಸಬೇಕಿಲ್ಲ. ಈ ಗುಡ್ಡಕ್ಕೆ ತನಗಾಗಿ ದನಿ ಎತ್ತುವವರೂ ಇದ್ದಾರೆ. 2011ರಲ್ಲಿ ಹಳ್ಳಿಗುಡಿಯ ಬಳಿ ದೊಡ್ಡ ಉಕ್ಕಿನ ಕಾರ್ಖಾನೆಯ ಪ್ರಸ್ತಾವ ಬಂದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ರೈತರ ಜೊತೆ ನಿಂತರು, ಆ ಕಾರ್ಖಾನೆ ಬರಲಿಲ್ಲ. ಗಣಿಗಾರಿಕೆಯ ವಿರುದ್ಧದ ಹೋರಾಟಕ್ಕೂ ಅವರೇ ಬೆನ್ನೆಲುಬಾಗಿದ್ದರು. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಆದರೆ ಬುಡದ ಮಡ್ಡಿಗಳಲ್ಲಿ ಎಷ್ಟೋ ಖಾಸಗಿ ಪಟ್ಟಾ ಜಮೀನು, ಇಲ್ಲವೇ ಊರಿನ ದನ ಮೇಯುವ ಗಾಯರಾಣ, ಅಂದರೆ ಗೋಮಾಳ. ಅವುಗಳ ಕಾವಲು ನಮ್ಮ ನಮ್ಮ ಕೈಯಲ್ಲೇ ಇದೆ.

ಒಂದು ಯಂತ್ರ ನಿಲ್ಲಬೇಕಾದರೆ ನೆಲಕ್ಕೆ ಏನೇನಾಗುತ್ತದೆ ಎಂಬುದು ಕಂಬವನ್ನು ದೂರದಿಂದ ನೋಡಿದವರಿಗೆ ತಿಳಿಯುವುದಿಲ್ಲ. ಕಂಬ ನಿಲ್ಲುವ ಜಾಗ ಚಿಕ್ಕದು. ಅದರ ಅಡಿಪಾಯ ಮಾತ್ರ ಹದಿನೈದು–ಇಪ್ಪತ್ತು ಮೀಟರ್ ಅಗಲದ ಕಾಂಕ್ರೀಟ್ ಗುಂಡು. ಅದನ್ನು ಹಾಕಿದ ಮೇಲೆ ಮಣ್ಣು ಮುಚ್ಚುತ್ತಾರೆ. ಪಕ್ಕದಲ್ಲಿ ಕ್ರೇನ್ ನಿಲ್ಲಲು ಸಮತಟ್ಟಾದ ಅಂಗಳ ಬೇಕು. ಐವತ್ತು–ಅರವತ್ತು ಮೀಟರ್ ಉದ್ದದ ರೆಕ್ಕೆಯನ್ನು ಇಳಿಸಲು ಇನ್ನಷ್ಟು ಜಾಗ ಬೇಕು. ಆ ರೆಕ್ಕೆಯನ್ನು ಹೊತ್ತ ಟ್ರೇಲರ್ ತಿರುಗಬೇಕಾದರೆ ರಸ್ತೆಯ ತಿರುವುಗಳು ಅಗಲವಾಗಬೇಕು, ಏರು ಇಳಿಯಬೇಕು, ಅಂದರೆ ಗುಡ್ಡದ ಒಂದು ಬದಿಯನ್ನು ಕಡಿದು ಇನ್ನೊಂದು ಬದಿಗೆ ತುಂಬಬೇಕು. ಕೇಬಲ್‌ಗೆ ಉದ್ದಕ್ಕೂ ಕಾಲುವೆ ತೋಡಬೇಕು. ಕೆಲಸ ಮುಗಿದ ಮೇಲೆ ಇದರಲ್ಲಿ ಹೆಚ್ಚಿನ ಜಾಗ ಯಂತ್ರಕ್ಕೆ ಬೇಕಾಗುವುದೇ ಇಲ್ಲ. ಉಳಿದದ್ದನ್ನು ಮಡ್ಡಿಗೆ ಹಿಂದಿರುಗಿಸಬಹುದು. ನಾವು ಮಾಡುತ್ತಿರುವುದು ಆ ಉಳಿದ ಜಾಗದಲ್ಲಿ.

ಎಲ್ಲಕ್ಕಿಂತ ದೊಡ್ಡ ಹಾನಿ ಮೊದಲ ದಿನವೇ ಆಗಿತ್ತು. ಗುತ್ತಿಗೆದಾರರ ಯಂತ್ರ ಮೇಲಿನ ಗೇಣು ಮಣ್ಣನ್ನೂ, ಕೆಳಗಿನ ಗರಸನ್ನೂ, ಒಡೆದ ಕಲ್ಲನ್ನೂ ಒಂದೇ ಗುಡ್ಡೆಗೆ ತಳ್ಳಿತು. ಅಣ್ಣ ಕೇಳಿದ್ದಕ್ಕೆ “ಮಣ್ಣು ಮಣ್ಣೇ ಅಲ್ಲವೇ, ಮತ್ತೆ ತುಂಬಿಕೊಡುತ್ತೇವೆ” ಎಂದರಂತೆ. ಆ ಮೇಲಿನ ಗೇಣು ಮಣ್ಣಿನಲ್ಲಿಯೇ ಹುಲ್ಲಿನ ಬೀಜಗಳು, ಬುಡಗಳು, ಬೇರಿಗೆ ನೀರು–ರಂಜಕ ಒದಗಿಸುವ ಶಿಲೀಂಧ್ರದ ಎಳೆಗಳು ಇರುವುದು. ಅದರಲ್ಲೂ ಹೆಚ್ಚಿನ ಬೀಜ ಇರುವುದು ಮೇಲಿನ ಕೆಲವೇ ಬೆರಳಿನಷ್ಟು ಪದರದಲ್ಲಿ. ಅದನ್ನು ಬೇರೆ ತೆಗೆದು, ಎದೆಯೆತ್ತರಕ್ಕಿಂತ ತಗ್ಗಾದ ಗುಡ್ಡೆಯಾಗಿ ಇಟ್ಟು, ಬೇಗನೆ ಹರಡಿದ್ದರೆ ಅರ್ಧ ಕೆಲಸ ಆಗಿಹೋಗುತ್ತಿತ್ತು. ಎತ್ತರದ ಗುಡ್ಡೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಒಳಗಿನ ಜೀವ ಸಾಯುತ್ತದೆ. ಹೆರೆಯುವಾಗಲೇ ಗರಸಿನೊಡನೆ ಕಲಸಿದರೆ ಬೀಜಗಳು ಎಂದೂ ಮೊಳೆಯಲಾರದ ಆಳಕ್ಕೆ ಹೋಗಿ ಬೀಳುತ್ತವೆ. ಕೇಬಲ್ ಕಾಲುವೆಯ ಮೇಲೂ ಇದೇ ಆಯಿತು. ಮೇಲಿನದು ಕೆಳಗೆ ಹೋಯಿತು, ಕೆಳಗಿನ ಬಿಳಿ ಸುಣ್ಣಗಲ್ಲು ಮೇಲೆ ಬಂತು. ಆ ಗೆರೆ ಇಂದಿಗೂ ಎದ್ದು ಕಾಣುತ್ತದೆ.

ಕೆಲಸ ಮುಗಿದ ಮೇಲೆ “ಹಸಿರು ಮಾಡಿಕೊಡುತ್ತೇವೆ” ಎಂದು ಒಂದು ಟ್ರ್ಯಾಕ್ಟರ್ ಸಸಿ ಬಂತು. ಗ್ಲಿರಿಸಿಡಿಯಾ, ಸುಬಾಬುಲ್, ಅಕೇಶಿಯಾ. ಕಳಿಸಿದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ನಾನು ಅವನ್ನು ಇಳಿಸಲು ಬಿಡಲಿಲ್ಲ. ವೈನಿಗೆ ಬೇಸರವಾಯಿತು. “ಬರಿ ನೆಲಕ್ಕಿಂತ ಗಿಡ ವಾಸಿಯಲ್ಲವೇ?” ಎಂದಳು. ಬೇಕಿದ್ದರೆ ಊರ ಶಾಲೆಯ ಬೇಲಿಗೆ ನೆಡಲಿ, ಮಡ್ಡಿಯಲ್ಲಿ ಬೇಡ ಎಂದೆ. ಆ ಸಸಿಗಳಿಗೆ ಬೇಸಿಗೆಯಿಡೀ ಟ್ಯಾಂಕರ್ ನೀರು ಬೇಕು. ಬದುಕಿದರೆ ನೆರಳು ಬೀಳುತ್ತದೆ, ಬಿಸಿಲು ಬೇಡುವ ಹುಲ್ಲು ಆ ನೆರಳಿನಲ್ಲಿ ಸೊರಗುತ್ತದೆ. ಸುಬಾಬುಲ್ ಬೀಜ ಸಿಡಿಸಿಕೊಂಡು ಸುತ್ತಲಿನ ಒಳ್ಳೆಯ ಮಡ್ಡಿಗೂ ಹಬ್ಬುತ್ತದೆ.

ದೂರದ ಉದಾಹರಣೆ ಬೇಕಿಲ್ಲ, ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರನ್ನು ನೋಡಬಹುದು. 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿಸಿದ 119 ಚದರ ಕಿಲೋಮೀಟರ್‌ನ ಅಭಯಾರಣ್ಯ ಅದು. ಹುಲ್ಲು ಮತ್ತು ಕುರುಚಲಿನ ನೆಲ. ಅಂಥ ನೆಲದಲ್ಲಿ ಬಹುಪಾಲು ನೀಲಗಿರಿ ನೆಟ್ಟರು. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ ಬದುಕುವ ದೊಡ್ಡ ಹಕ್ಕಿ ಎರ್ಲಡ್ಡು ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿತ್ತು; ಮರದ ಸಾಲುಗಳ ನಡುವೆ ಅದಕ್ಕೆ ಜಾಗವೆಲ್ಲಿ? ಗಿಡ ನೆಡುವುದು ಪುಣ್ಯದ ಕೆಲಸ ಎಂದು ನಮಗೆಲ್ಲ ಬಾಲ್ಯದಿಂದ ಕಲಿಸಿದ್ದಾರೆ. ಎಲ್ಲಿ ನೆಡಬೇಕು, ಎಲ್ಲಿ ಬಾರದು ಎಂದು ಕಲಿಸಲಿಲ್ಲ.

ಅಮೆರಿಕದ ವಯೋಮಿಂಗ್ ರಾಜ್ಯದ ಎತ್ತರದ ಬಯಲುಗಳ ಕುರಿತು ಓದಿದಾಗ ಅಲ್ಲಿಯೂ ಇದೇ ಕಥೆ ಕಂಡು ನನಗೆ ಆಶ್ಚರ್ಯವಾಯಿತು. ಅಲ್ಲಿ ಅನಿಲ ಬಾವಿಗಳಿಗಾಗಿ ಸೇಜ್‌ಬ್ರಷ್ ಎಂಬ ಪೊದೆಯ ಮೇವು ನೆಲವನ್ನು ಅಗೆಯುತ್ತಾರೆ. ಹಿಂದೆ ಇಂಥ ಕಡೆ ಬೇಗ ಹಸಿರಾಗಲಿ ಎಂದು ಯುರೇಷ್ಯಾದಿಂದ ತಂದ ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಹುಲ್ಲನ್ನು ಬಿತ್ತುತ್ತಿದ್ದರು. ಅದು ಬೇಗ ಬಂತು, ದನಗಳಿಗೂ ಆಯಿತು. ಆದರೆ ಎಷ್ಟು ದಟ್ಟವಾಗಿ ಕೂತಿತೆಂದರೆ, ದಶಕಗಳು ಕಳೆದರೂ ಸ್ಥಳೀಯ ಗಿಡಗಳಿಗೆ ಒಳಗೆ ಬರಲು ಬಿಡಲಿಲ್ಲ. ಚಳಿಗಾಲದಲ್ಲಿ ಸೇಜ್‌ಬ್ರಷ್ ಎಲೆಯನ್ನೇ ತಿಂದು ಬದುಕುವ ಸೇಜ್ ಗ್ರೌಸ್ ಎಂಬ ಹಕ್ಕಿಗೆ ಆ ಹಸಿರು ಯಾವ ಉಪಯೋಗಕ್ಕೂ ಬರಲಿಲ್ಲ. ಈಗ ಅಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದಿಡುತ್ತಾರೆ, ಸ್ಥಳೀಯ ಬೀಜದ ಮಿಶ್ರಣ ಬಿತ್ತುತ್ತಾರೆ, ಸೇಜ್‌ಬ್ರಷ್‌ನ ಹುಡಿಯಷ್ಟು ಸಣ್ಣ ಬೀಜವನ್ನು ಚಳಿಗಾಲದ ಹೊತ್ತಿಗೆ ಮಣ್ಣಿನ ಮೇಲೆಯೇ ಚೆಲ್ಲುತ್ತಾರೆ. ಬಾವಿ ಕೊರೆದು ಮುಗಿದೊಡನೆ, ನಿರ್ವಹಣೆಗೆ ಬೇಕಾದಷ್ಟು ಅಂಗಳ ಉಳಿಸಿಕೊಂಡು ಮಿಕ್ಕಿದ್ದಕ್ಕೆ ಆಗಲೇ ಹಸಿರು ಹೊದಿಸುವ ಕ್ರಮವೂ ಇದೆ. ಬಾವಿ ಬತ್ತುವವರೆಗೆ ಕಾಯುವುದಿಲ್ಲ. ಗಾಳಿಯಂತ್ರಕ್ಕೂ ಇದು ನೇರವಾಗಿ ಹೊಂದುತ್ತದೆ. ದೊಡ್ಡ ಕ್ರೇನ್ ಮತ್ತೆ ಬರುವುದು ದೊಡ್ಡ ರಿಪೇರಿ ಇದ್ದಾಗ ಮಾತ್ರ. ಬಂದರೆ ಹುಲ್ಲಿನ ಮೇಲೆಯೇ ನಿಲ್ಲಲಿ, ಹೋದ ಮೇಲೆ ಹುಲ್ಲು ಎದ್ದೀತು. ಇಪ್ಪತ್ತೈದು ವರ್ಷ ಅಂಗಳವನ್ನು ಬರಿದಾಗಿ ಇಡಲು ಕಾರಣವಿಲ್ಲ.

ಈಗ ನಮ್ಮ ಕೆಲಸದ ವಿಷಯ. ಮೊದಲು ಮಾಡಿದ್ದು ತೆಗೆಯುವ ಕೆಲಸ. ಅಂಗಳಕ್ಕೆ ಹೊರಗಿನಿಂದ ತಂದು ಸುರಿದ ಗರಸನ್ನು ಆದಷ್ಟು ಎತ್ತಿಸಿದೆವು. ಅದರಲ್ಲಿ ಒಂದಿಷ್ಟು ಊರ ದಾರಿಯ ಗುಂಡಿಗಳಿಗೆ ಹೋಯಿತು. ಕಾಂಕ್ರೀಟ್ ಲಾರಿಗಳನ್ನು ತೊಳೆದ ಜಾಗದಲ್ಲಿ ಸಿಮೆಂಟ್ ನೀರು ಕೂತು ಹೆಪ್ಪುಗಟ್ಟಿತ್ತು. ಸಿಮೆಂಟು ತೀರಾ ಕ್ಷಾರ. ಅದರ ಮೇಲೆ ಏನು ಚೆಲ್ಲಿದರೂ ವ್ಯರ್ಥ. ಅದನ್ನು ಹಾರೆಯಿಂದ ಒಡೆದು ಹೊರಗೆ ಸಾಗಿಸಿದೆವು.

ನಂತರ ನೆಲ ಸಡಿಲಿಸುವುದು. ರೋಲರ್ ಹೊಡೆದ ನೆಲ ಸುಗ್ಗಿಯ ಕಣದಂತೆ ಗಟ್ಟಿಯಾಗಿರುತ್ತದೆ. ಮಳೆ ಬಿದ್ದರೆ ಒಂದು ಹನಿಯೂ ಒಳಗಿಳಿಯುವುದಿಲ್ಲ, ಎಲ್ಲ ಹರಿದು ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ. ಟ್ರ್ಯಾಕ್ಟರ್ ಕಲ್ಟಿವೇಟರ್ ಅದರ ಮೇಲೆ ಗೀರು ಎಳೆಯಿತೇ ಹೊರತು ಒಳಗಿಳಿಯಲಿಲ್ಲ. ಜೆಸಿಬಿಯ ಹಲ್ಲಿನಿಂದ ಇಳಿಜಾರಿಗೆ ಅಡ್ಡಲಾಗಿ ಸೀಳಿಸಬೇಕಾಯಿತು. ಅಡ್ಡಲಾಗಿ ಎಂಬುದು ಮುಖ್ಯ. ಇಳಿಜಾರಿನ ಉದ್ದಕ್ಕೆ ಸೀಳಿದರೆ ಪ್ರತಿ ಸೀಳೂ ನೀರಿಗೆ ಕಾಲುವೆಯಾಗುತ್ತದೆ. ಚಾಲಕರು ಕೊನೆಯಲ್ಲಿ ಎಲ್ಲವನ್ನೂ ಸಪಾಟು ಮಾಡಿಕೊಡಲು ಹೊರಟರು, ನಾನು ಬೇಡವೆಂದೆ. ಹೆಂಟೆಗಳು, ತಗ್ಗು ದಿನ್ನೆಗಳು ಹಾಗೆಯೇ ಇರಬೇಕು. ನೀರು ನಿಲ್ಲುವುದೂ ಬೀಜ ನಿಲ್ಲುವುದೂ ಅವುಗಳ ಸಂದಿಯಲ್ಲಿ. ಅಲ್ಲೇ ಬಿದ್ದಿದ್ದ ಕಲ್ಲುಗಳನ್ನು ಸಮಪಾತಳಿಯಲ್ಲಿ ಸಾಲಾಗಿ ಜೋಡಿಸಿ ಸಣ್ಣ ಒಡ್ಡುಗಳನ್ನು ಮಾಡಿದೆವು, ರಸ್ತೆಯ ನೀರು ಬಂದು ಬೀಳುವ ಕಡೆ ಕಲ್ಲಿನ ತಡೆ ಹಾಕಿದೆವು. ಗುಡ್ಡೆಯ ಅಂಚುಗಳಲ್ಲಿ ಕಂದು ಬಣ್ಣದ, ಬೇರಿನ ಎಳೆಗಳಿದ್ದ ಮಣ್ಣು ಉಳಿದಿತ್ತು. ಅದನ್ನು ವೈನಿ ಬುಟ್ಟಿಯಲ್ಲಿ ಆರಿಸಿ ತಂದು ಎಲ್ಲ ಕಡೆ ತೆಳ್ಳಗೆ ಹರಡುವ ಬದಲು ಅಲ್ಲಲ್ಲಿ ಮಡಿಗಳಾಗಿ ಹಾಕಿದಳು. ಆ ಉಪಾಯ ಅವಳದೇ. ಈಗ ನೋಡಿದರೆ ಮೊದಲು ಹುಲ್ಲು ಗಟ್ಟಿಯಾದದ್ದು ಆ ಮಡಿಗಳಲ್ಲೇ, ಅಲ್ಲಿಂದಲೇ ಸುತ್ತ ಹರಡುತ್ತಿದೆ.

ಬೀಜಕ್ಕೆ ಯಾವ ಅಂಗಡಿಗೂ ಹೋಗುವಂತಿಲ್ಲ. ಮಡ್ಡಿಯ ಹುಲ್ಲಿನ ಬೀಜವನ್ನು ಯಾರೂ ಪೊಟ್ಟಣದಲ್ಲಿ ಮಾರುವುದಿಲ್ಲ. ಅಗೆಯದೆ ಉಳಿದ ಮಡ್ಡಿಯೇ ನಮ್ಮ ಬೀಜದ ಕಣಜ. ಇಲ್ಲಿ ನನಗೆ ಗುರುವಾದವರು ಪ್ರತಿ ವರ್ಷ ನಮ್ಮ ಕಡೆ ಹಟ್ಟಿ ಹಾಕುವ ಕುರಿಗಾರ ಅಜ್ಜ. ಸೂಜಿ ಹಿಡಿದವರೆಲ್ಲ ಅವರಿಗೆ ಡಾಕ್ಟರೇ, ಹಾಗಾಗಿ ನಾನು ‘ಡಾಕ್ಟರಮ್ಮ’. ಊಬಿನ ಹುಲ್ಲನ್ನು ಬಿತ್ತುತ್ತೇನೆ ಎಂದಾಗ ಅವರು ಒಪ್ಪಲಿಲ್ಲ. “ಡಾಕ್ಟರಮ್ಮ, ಅದರ ಊಬು ಕುರಿಯ ಚರ್ಮಕ್ಕೆ ಹೊಕ್ಕುತ್ತದೆ, ಕಣ್ಣಿಗೆ ಚುಚ್ಚುತ್ತದೆ. ತೆಗೆದು ಔಷಧ ಹಚ್ಚುವವರು ನೀವೇ ಅಲ್ಲವೇ?” ಎಂದರು. ಮಾತು ನಿಜ. ಮಳೆಗಾಲ ಮುಗಿದ ಮೇಲೆ ಊಬು ಹೊಕ್ಕ ಬಾಯಿ, ಬಾತ ಕಣ್ಣು ನನ್ನ ಮುಂದೆ ಬರುತ್ತಲೇ ಇರುತ್ತವೆ. ಆದರೆ ಎಳೆಯದಿದ್ದಾಗ ಅದೇ ಹುಲ್ಲನ್ನು ಕುರಿಗಳು ಬಯಸಿ ಮೇಯುತ್ತವೆ, ಮತ್ತು ಗೇಣು ಮಣ್ಣಿನ ಗರಸು ನೆಲವನ್ನು ಹಿಡಿದಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಕೊನೆಗೆ ಊಬಿನ ಹುಲ್ಲು ಮೇಲಿನ ಕಡಿದಾದ ಅಂಚಿಗೆ, ಕೆಳಗೆ ಮೇವಿನ ಹುಲ್ಲು ಹೆಚ್ಚು ಎಂದು ಒಪ್ಪಂದವಾಯಿತು. ಯಾವ ಹುಲ್ಲನ್ನು ಕುರಿ ಮೊದಲು ಬಾಯಿ ಹಾಕಿ ಮೇಯುತ್ತದೆ, ಯಾವುದನ್ನು ಹಸಿದಾಗ ಮಾತ್ರ ಮುಟ್ಟುತ್ತದೆ ಎಂದು ಅವರು ತೋರಿಸಿಕೊಟ್ಟ ಮೇಲೆಯೇ ನಾವು ಬೀಜ ಆರಿಸಲು ಹೋದದ್ದು.

ಊಬಿನ ಹುಲ್ಲಿನ ಬೀಜ ಸಂಗ್ರಹಿಸುವುದು ಸುಲಭ. ಮಾಗಿದಾಗ ಊಬುಗಳು ಒಂದಕ್ಕೊಂದು ಹೊಸೆದುಕೊಂಡು ತುರುಬಾಗಿರುತ್ತವೆ, ಕೈಯಿಂದಲೇ ಕಿತ್ತು ಚೀಲಕ್ಕೆ ತುಂಬಬಹುದು. ದಪ್ಪ ಬಟ್ಟೆಯ ಕೈಗವಸು ಇರಬೇಕು. ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳು ನಿದ್ದೆ ಮಾಡಬೇಕು. ಗೋಣಿ ಚೀಲದಲ್ಲಿ ತುಂಬಿ ಒಣ ಜಾಗದಲ್ಲಿ ಇಟ್ಟು ಮುಂದಿನ ಮುಂಗಾರಿಗೆ ಚೆಲ್ಲಿದರೆ ಸರಿಹೋಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಉಳಿದ ಹುಲ್ಲುಗಳಲ್ಲಿ ಬೀಜ ಬಿಡಿಸುವ ಗೋಜಿಗೆ ನಾವು ಹೋಗಲಿಲ್ಲ. ಕಾಳು ಉದುರುವ ಮೊದಲೇ ಹುಲ್ಲನ್ನು ತೆನೆಸಹಿತ ಕೊಯ್ದು, ಒಣಗಿಸಿ ಇಟ್ಟುಕೊಂಡೆವು. ಅದನ್ನೇ ನೆಲದ ಮೇಲೆ ತೆಳ್ಳಗೆ ಹರಡಿದರೆ ಬೀಜವೂ ಬಿತ್ತು, ಮಣ್ಣಿಗೆ ಹೊದಿಕೆಯೂ ಆಯಿತು. ಕೊಗ್ಗಿಯಂಥ ಗಟ್ಟಿ ಸಿಪ್ಪೆಯ ಬೀಜಗಳನ್ನು ಮಾತ್ರ ಮರಳಿನೊಡನೆ ಉಜ್ಜಿ ಹಾಕಿದೆವು. ಸಿಪ್ಪೆ ಸವೆಯದಿದ್ದರೆ ಅವು ಬೇಗ ನೀರು ಕುಡಿಯುವುದಿಲ್ಲ.

ಆ ಹೊದಿಕೆಯ ಮಹತ್ವ ನಮ್ಮ ಸೀಮೆಯ ಮಳೆಯ ಕ್ರಮ ಬಲ್ಲವರಿಗೆ ಅರ್ಥವಾಗುತ್ತದೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ರೋಹಿಣಿ, ಮೃಗಶಿರದಲ್ಲಿ ಒಂದೆರಡು ಒಳ್ಳೆಯ ಮಳೆ ಬಂದು ಎಲ್ಲವನ್ನೂ ಮೊಳೆಯಿಸಿಬಿಡುತ್ತದೆ. ಆಮೇಲೆ ಆಷಾಢದ ಒಣಗಾಳಿ ಹಗಲೂ ರಾತ್ರಿ ಬೀಸಿ ಆ ಮೊಳಕೆಗಳನ್ನು ಒಣಗಿಸುತ್ತದೆ. ನಂಬುವಂಥ ಮಳೆ ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ಅಂದರೆ ಎಳೆಯ ಹುಲ್ಲು ನಡುವಿನ ಗಾಳಿಯ ತಿಂಗಳುಗಳನ್ನು ದಾಟಬೇಕು. ಗಾಳಿಯಂತ್ರ ಅತಿ ಹೆಚ್ಚು ತಿರುಗುವ ಕಾಲವೇ ಅದರ ಬುಡದ ಮೊಳಕೆಗೆ ಅತಿ ಕಠಿಣ ಕಾಲ. ಹರಡಿದ ಕರಡ ಹಾರಿಹೋಗದಂತೆ ಮೇಲೆ ಮುಳ್ಳಿನ ಟೊಂಗೆಗಳನ್ನು ಹೇರಿ, ಟೊಂಗೆಗಳ ಮೇಲೆ ಕಲ್ಲು ಇಟ್ಟೆವು.

ಮುಳ್ಳಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮಲ್ಲಿ ಮುಳ್ಳು ಎಂದರೆ ಬಳ್ಳಾರಿ ಜಾಲಿ. ಬೇಲಿಗೂ ಅದೇ, ಒಲೆಗೂ ಅದೇ. ಕಾಯಿ ಇರುವ ಟೊಂಗೆ ತಂದು ಹಾಕಿದರೆ ಹುಲ್ಲಿನ ಬದಲು ಬಳ್ಳಾರಿ ಜಾಲಿಯ ತೋಪು ಎದ್ದೀತು. ಕಾಯಿ ಬಿಡುವ ಮುನ್ನ ಕಡಿದ ಟೊಂಗೆಯನ್ನೇ ತರಬೇಕು. ಅದರ ಕಾಯಿ ತಿಂದ ಕುರಿ, ಮೇಕೆ, ದನಗಳ ಹಿಕ್ಕೆ ಸಗಣಿಯಲ್ಲಿಯೂ ಬೀಜ ಜೀವಂತವಾಗಿಯೇ ಹೊರಬರುತ್ತದೆ. ಗೊಬ್ಬರವಾಗಲಿ ಎಂದು ಹೊಸ ಜಾಗದಲ್ಲಿ ಕುರಿ ತರುಬಲು (ರಾತ್ರಿ ಅಲ್ಲೇ ಕೂಡಿಹಾಕಲು) ಅಜ್ಜ ಪ್ರೀತಿಯಿಂದಲೇ ಮುಂದೆ ಬಂದರು. ಬಿತ್ತುವ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಮಡ್ಡಿಯ ಹುಲ್ಲಿಗೆ ಮಾತ್ರ ಬಡ ಮಣ್ಣೇ ಇಷ್ಟ. ಸಾರಜನಕ ಹೆಚ್ಚಾದರೆ ಅದರ ಲಾಭ ಪಡೆಯುವುದು ಕಳೆ. ಹಾಗಾಗಿ ಕುರಿಗಳನ್ನು ಎರೆ ಹೊಲದಲ್ಲಿ ತರುಬಿಸಿದೆವು, ಅಣ್ಣನಿಗೂ ಅದು ಬೇಕಿತ್ತು.

ಮೊದಲ ಮಳೆಯ ದಿನ ಮೇಲಿನ ಅಂಚಿನಲ್ಲಿ ಕೂತು ನೋಡಿದ್ದನ್ನು ಹೇಳದೆ ಇರಲಾರೆ. ಊಬಿನ ಹುಲ್ಲಿನ ಬೀಜದ ತುದಿ ಚೂಪು, ಹಿಂದೆ ಉದ್ದನೆಯ ಊಬು. ಒಣಗಿದಾಗ ಊಬು ಹುರಿಗೊಂಡಿರುತ್ತದೆ. ನೀರು ತಾಗಿದೊಡನೆ ಹುರಿ ಬಿಚ್ಚತೊಡಗುತ್ತದೆ, ಬೀಜ ನಿಧಾನವಾಗಿ ತಿರುಗುತ್ತದೆ. ಊಬಿನ ಬಾಗಿದ ತುದಿ ಹೆಂಟೆಗೋ ಕಡ್ಡಿಗೋ ಆತುಕೊಂಡರೆ ಆ ತಿರುಗುವ ಬಲವೆಲ್ಲ ಚೂಪು ತುದಿಗೆ ಹೋಗಿ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಬಿಸಿಲು ಬಂದರೆ ಮತ್ತೆ ಹುರಿ, ಮಳೆ ಬಂದರೆ ಮತ್ತೆ ಬಿಚ್ಚು; ಹೀಗೆ ಇನ್ನಷ್ಟು ಒಳಗೆ. ಸಪಾಟು ನೆಲದಲ್ಲಿ ಆತುಕೊಳ್ಳಲು ಏನೂ ಸಿಗದೆ ಅದು ಸುಮ್ಮನೆ ಹೊರಳಾಡುತ್ತದೆ. ಹೆಂಟೆ ಒಡೆಯಬೇಡಿ ಎಂದು ಚಾಲಕರ ಜೊತೆ ವಾದ ಮಾಡಿದ್ದು ಇದಕ್ಕೇ. ನನ್ನ ಮಗಳು ಮೊಣಕಾಲೂರಿ, ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಾ ಮಳೆಯಲ್ಲೇ ನೆನೆದಳು.

ಆ ವರ್ಷ ಮಡ್ಡಿ ನೋಡಿದವರು ಯಾರೂ ಹೊಗಳಲಿಲ್ಲ. ಕಂಡದ್ದೆಲ್ಲ ಕಳೆ. ಉತ್ತರಾಣಿ, ಒಂದು ವರ್ಷ ಬದುಕಿ ಸಾಯುವ ಸಣ್ಣ ಹುಲ್ಲುಗಳು, ಎಲ್ಲಕ್ಕಿಂತ ಹೆಚ್ಚಾಗಿ ಕಾಂಗ್ರೆಸ್ ಕಸ. ಪಾರ್ಥೇನಿಯಂ ಎಂಬ ಈ ಗಿಡ ಭಾರತದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅದರ ಎಲೆ ತಿನ್ನಲೆಂದು ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ನಮ್ಮಲ್ಲಿಯೂ ಆ ದುಂಬಿ ಮಳೆಗಾಲದಲ್ಲಿ ಕಾಣುತ್ತದೆ, ಆದರೆ ಕೆಲಸ ಅದೊಂದರಿಂದಲೇ ಆಗುವುದಿಲ್ಲ. ಅಗೆದ ನೆಲ ಸಿಕ್ಕಲ್ಲೆಲ್ಲ ಮೊದಲು ಬರುವುದು ಈ ಗಿಡ, ಗರಸಿನ ಲಾರಿಗಳ ಚಕ್ರಕ್ಕೆ ಅಂಟಿಕೊಂಡೇ ಬರುತ್ತದೆ. ಹೂವಾಡುವ ಮೊದಲು ಬೇರುಸಹಿತ ಕೀಳುವುದೊಂದೇ ದಾರಿ, ಕೈಗವಸು ಹಾಕಿಕೊಂಡು. ವೈನಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೂಲಿಗೆ ಬಂದರು. ಕಳೆಯ ನಡುವೆ ಹುಲ್ಲಿನ ಮೊಳಕೆಯನ್ನು ಗುರುತಿಸಿ ಬಿಡುವುದು ಚಿಕ್ಕ ವಿದ್ಯೆಯಲ್ಲ, ಅವರು ಅರ್ಧ ದಿನದಲ್ಲಿ ಕಲಿತರು. ಒಂದು ವರ್ಷದ ಸಣ್ಣ ಹುಲ್ಲುಗಳನ್ನು ಮಾತ್ರ ಹಾಗೆಯೇ ಬಿಡಿ ಎಂದಿದ್ದೆ. ಅವು ಮೊದಲು ಬಂದು, ನೆರಳು ಕೊಟ್ಟು, ಸತ್ತು ಮಣ್ಣಾಗುತ್ತವೆ. ಬುಡ ಕಟ್ಟಿಕೊಂಡು ವರ್ಷಗಟ್ಟಲೆ ಬದುಕುವ ಹುಲ್ಲು ಅವುಗಳ ಹಿಂದೆಯೇ ಬರುತ್ತದೆ.

ಬಂತು. ಎರಡನೆಯ ಮಳೆಗಾಲದಲ್ಲಿ ಬುಡಗಳು ಕಾಣತೊಡಗಿದವು. ಇನ್ನೂ ಬಿಡಿ ಬಿಡಿ, ನಡುವೆ ಬರಿ ನೆಲ ಸಾಕಷ್ಟಿದೆ. ಪಕ್ಕದ ಅಗೆಯದ ಮಡ್ಡಿಯಲ್ಲಿ ಒಂದು ಹೆಜ್ಜೆಯಲ್ಲಿ ಎಷ್ಟು ಬಗೆ ಸಿಗುತ್ತವೋ ಇಲ್ಲಿ ಅದರ ಒಂದು ಪಾಲೂ ಇಲ್ಲ, ಅದಕ್ಕೆ ಇನ್ನೂ ಬಹಳ ವರ್ಷ ಬೇಕು. ಕೇಬಲ್ ಕಾಲುವೆಯ ಬಿಳಿ ಗೆರೆಯ ಮೇಲೆ ಏನೂ ಹಿಡಿದಿಲ್ಲ. ಆದರೆ ಮಳೆ ಬಂದಾಗ ರಸ್ತೆಯ ಕೆಳಗಿನ ಕೊರಕಲಿಗೆ ಕೆಂಪು ನೀರು ಹರಿಯುವುದು ಕಡಿಮೆಯಾಗಿದೆ. ಕಾಂಕ್ರೀಟ್ ಗುಂಡಿನ ಮೇಲೆ ಮುಚ್ಚಿದ ಮಣ್ಣಿನಲ್ಲಿಯೂ ಊಬಿನ ಹುಲ್ಲು ನಿಂತಿದೆ. ಅಜ್ಜ ತಮ್ಮ ಕುರಿಗಳನ್ನು ಇನ್ನೂ ಒಳಗೆ ಬಿಟ್ಟಿಲ್ಲ. ಬೇರೆಯವರ ಕುರಿ ಬಂದರೆ ಅವರೇ ಕೂಗಿ ತಿರುಗಿಸುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಯಾವ ತಂತಿ ಬೇಲಿಯೂ ಈ ಹುಲ್ಲನ್ನು ಕಾಯುತ್ತಿರಲಿಲ್ಲ. ಮುಂದೆಯೂ ಮೇಯುವುದನ್ನು ಪೂರ್ತಿ ನಿಲ್ಲಿಸುವ ಯೋಚನೆ ನಮಗಿಲ್ಲ. ಮೇಯದ, ಕೊಯ್ಯದ ಮಡ್ಡಿಯಲ್ಲಿ ಹಳೆಯ ಕರಡ ತುಂಬಿಕೊಂಡು ಬೇಸಿಗೆಯ ಬೆಂಕಿಗೆ ಆಹಾರವಾಗುತ್ತದೆ, ಕಪ್ಪತಗುಡ್ಡದ ಬೆಂಕಿಯನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಮೇವಿನ ಬೆಳೆಗಳ ಬಗ್ಗೆ ಕಲಿಯುವವರು ಅಲ್ಲಿಗೆ ಹೋಗಬೇಕು. ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡವನ್ನು ಹಲವರು ಶಿಫಾರಸು ಮಾಡುತ್ತಾರೆ. ಬರ ತಾಳುತ್ತದೆ, ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ದನಗಳಿಗೆ ಒಳ್ಳೆಯದು. ಪೂರ್ತಿ ಬೋಳಾಗಿ, ಸುತ್ತ ಎಲ್ಲೂ ಬೀಜದ ಮೂಲವೇ ಉಳಿಯದ ಗಾಯರಾಣಕ್ಕೆ, ಮೇವೇ ಮೊದಲ ಅಗತ್ಯವಾದ ಊರಿಗೆ ನಾನೂ ಅದನ್ನೇ ಹೇಳುತ್ತೇನೆ. ಬೇಲಿಯಾಚೆ ಜೀವಂತ ಮಡ್ಡಿ ಇರುವಲ್ಲಿ ದಕ್ಷಿಣ ಅಮೆರಿಕದ ಗಿಡ ಬೇಡ. ನಮಗೆ ಬೇಕಾದದ್ದು ಬರಿ ಮೇವಲ್ಲ, ಲಾವಕ್ಕಿ ಮೊಟ್ಟೆಯಿಡುವ ಹುಲ್ಲು.

ಇನ್ನು ಒಪ್ಪಂದದ ಮಾತು. ಭಾರತದಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪವನ ವಿದ್ಯುತ್ ಯೋಜನೆಗಳು ಮುಂಚಿತವಾಗಿ ಪರಿಸರ ಅನುಮತಿ ಪಡೆಯಬೇಕಿಲ್ಲ. ಅರಣ್ಯ ಭೂಮಿಯಾದರೆ ಬೇರೆ ಕಾಯ್ದೆ ಇದೆ. ಪಟ್ಟಾ ಮಡ್ಡಿಗೆ ಮಾತ್ರ ನೀವು ಸಹಿ ಹಾಕುವ ಗುತ್ತಿಗೆ ಪತ್ರವೇ ದೊಡ್ಡ ರಕ್ಷಣೆ. ನಾನು ನೋಡಿದ ಪತ್ರಗಳಲ್ಲಿ ಬಾಡಿಗೆ, ಅವಧಿ, ದಾರಿಯ ಹಕ್ಕು ಎಲ್ಲ ಇತ್ತು, ಮಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದ್ದರಿಂದ ಸಹಿಗೆ ಮುನ್ನ ಬರೆಸಿಕೊಳ್ಳಿ: ಮೇಲಿನ ಗೇಣು ಮಣ್ಣನ್ನು ಬೇರೆ ತೆಗೆದು ತಗ್ಗು ಗುಡ್ಡೆಯಾಗಿ ಇಡಬೇಕು, ಕಾಲುವೆ ಮುಚ್ಚುವಾಗ ಮೊದಲು ಗರಸು ಆಮೇಲೆ ಆ ಮಣ್ಣು. ಕೆಲಸ ಮುಗಿದ ಮೇಲೆ ಅಂಗಳದ ಗರಸು ಎತ್ತಿ, ಇಳಿಜಾರಿಗೆ ಅಡ್ಡಲಾಗಿ ಸೀಳಿ ಕೊಡಬೇಕು. ಕಾಂಕ್ರೀಟ್ ಲಾರಿ ತೊಳೆಯಲು ಒಂದೇ ಗುಂಡಿ, ಹೋಗುವಾಗ ಅದನ್ನು ಅವರೇ ತೆಗೆಯಬೇಕು. ಕೇಳದೆ ಸಸಿ ನೆಡಬಾರದು. ಯಂತ್ರದ ಆಯುಷ್ಯ ಮುಗಿದಾಗ ಅಡಿಪಾಯವನ್ನು ಎಷ್ಟು ಆಳದವರೆಗೆ ಒಡೆದು ತೆಗೆಯುತ್ತಾರೆ, ಅದಕ್ಕೆ ಹಣ ಎಲ್ಲಿದೆ ಎಂಬುದೂ ಪತ್ರದಲ್ಲಿ ಇರಲಿ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಭೂಮಿಯಲ್ಲಿ ಬಾವಿ ಕೊರೆಯುವವರು ಮೊದಲೇ ಠೇವಣಿ ಬಾಂಡ್ ಕೊಡಬೇಕು. ಅಂಥದ್ದನ್ನು ನಾವೂ ಕೇಳಬಹುದು, ಕೇಳಿದರೆ ತಪ್ಪಿಲ್ಲ. ನೆಲ ಹದ ಮಾಡುವ ಖರ್ಚು ಯಂತ್ರಗಳು ಅಲ್ಲೇ ಇರುವಾಗ ಕಡಿಮೆ. ಅವು ಹೋದ ಮೇಲೆ ನಾವು ಜೆಸಿಬಿ ಬಾಡಿಗೆಗೆ ತಂದಾಗ ಅದರ ಭಾರ ಗೊತ್ತಾಯಿತು.

ಗಾಯರಾಣದಲ್ಲಿ ಯಂತ್ರ ಬರುವುದಿದ್ದರೆ ಗ್ರಾಮಸಭೆಯಲ್ಲಿ ಕುರಿಗಾರರನ್ನೂ ಕೂರಿಸಿಕೊಳ್ಳಿ. ಪ್ರತಿ ನೂರು ದನಗಳಿಗೆ 30 ಎಕರೆ ಗೋಮಾಳ ಇರಬೇಕೆಂಬ ಲೆಕ್ಕ ನಮ್ಮ ಕಂದಾಯ ನಿಯಮಗಳಲ್ಲಿದೆ. ಆ ಲೆಕ್ಕ ಕೇಳುವ ಮೊದಲ ಹಕ್ಕು ಮೇಯಿಸುವವರದು.

ಬೀಜ ಕೊಡುತ್ತೀರಾ ಎಂದು ಕೇಳಿದವರಿಗೆ ಒಂದು ಮಾತು. ಡಂಬಳ, ಡೋಣಿಯ ಸುತ್ತಲಿನವರಾದರೆ ದಸರೆ ಮುಗಿದ ಮೇಲೆ ಕುಡುಗೋಲು, ಗೋಣಿ ಚೀಲ ತೆಗೆದುಕೊಂಡು ಬನ್ನಿ, ನಮ್ಮ ಮಡ್ಡಿಯಲ್ಲೇ ಕೊಯ್ಯೋಣ. ಅರ್ಧ ಮಡ್ಡಿಯನ್ನು ಮುಟ್ಟದೆ ಬಿಡುತ್ತೇವೆ, ಅದರ ಬೀಜ ಅಲ್ಲೇ ಉದುರಬೇಕು. ಲಕ್ಷ್ಮೇಶ್ವರ, ರೋಣ, ಹಾವೇರಿಯ ಕಡೆಯವರು ನಿಮ್ಮ ಹತ್ತಿರದ ಅಗೆಯದ ಮಡ್ಡಿಯಿಂದಲೇ ಬೀಜ ತೆಗೆಯಿರಿ. ನಿಮ್ಮ ಮಣ್ಣಿಗೂ ಮಳೆಗೂ ಒಗ್ಗಿದ ಹುಲ್ಲು ಅಲ್ಲಿಯೇ ಇದೆ. ಯಾವ ಹುಲ್ಲು ಯಾವುದೆಂದು ತಿಳಿಯದಿದ್ದರೆ ತೆನೆಯ ಚಿತ್ರ ತೆಗೆದು ಕಳಿಸಿ; ಅಜ್ಜನಿಗೆ ತೋರಿಸಿ, ಕುರಿಗಳು ಅದನ್ನು ಮೇಯುತ್ತವೆಯೋ ಇಲ್ಲವೋ ಕೇಳಿ ತಿಳಿಸುತ್ತೇನೆ.